ಒಂದು ಹೊಸ ವಿಮಾನಕ್ಕೆ ಆರು ವರ್ಷ

2023ರ ಜೂನ್‌ನಲ್ಲಿ ಇಂಡಿಗೋ ಒಂದೇ ಸಲಕ್ಕೆ 500 ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿ ಬಂತಲ್ಲ, ಅವತ್ತು ಸಂಜೆ ತುಮಕೂರಿನಿಂದ ಚಿಕ್ಕಪ್ಪ ಫೋನ್ ಮಾಡಿದರು. "ಏನಮ್ಮಾ, ಅಷ್ಟೊಂದು ವಿಮಾನ ತಂದು ಎಲ್ಲಿ ನಿಲ್ಲಿಸ್ತಾರೆ? ದೇವನಹಳ್ಳಿಯಲ್ಲಿ ಜಾಗ ಸಾಕಾಗುತ್ತಾ?"

"ಅವು ಬರೋದು 2030ರಿಂದ 2035ರ ಒಳಗೆ ಚಿಕ್ಕಪ್ಪಾ. ಒಂದೊಂದೇ ಬರುತ್ತವೆ" ಅಂದೆ.

"ಹಂಗಾದ್ರೆ ಈಗಲೇ ಯಾಕೆ ಇಷ್ಟು ಗಲಾಟೆ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ, ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿದ್ದ ವಾರವೇ, ಏರ್ ಇಂಡಿಯಾ 470 ವಿಮಾನಗಳ ಸುದ್ದಿ ಕೊಟ್ಟಿತ್ತು. ಪೇಪರ್‌ನಲ್ಲಿ ಇಂಥ ಸಂಖ್ಯೆ ನೋಡಿದವರಿಗೆ ನಾಳೆಯೇ ವಿಮಾನಗಳು ಸಾಲಾಗಿ ಬಂದು ಇಳಿಯುತ್ತವೆ ಅನ್ನಿಸುತ್ತದೆ. ಅದು ನಿಜಕ್ಕೂ ಸರತಿಯಲ್ಲಿ ಒಂದು ಜಾಗ ಹಿಡಿದಂತೆ, ಅಷ್ಟೇ. 2024ರಲ್ಲಿ ಏರ್‌ಬಸ್ ಇಡೀ ಪ್ರಪಂಚಕ್ಕೆ ಮಾಡಿ ಕೊಟ್ಟಿದ್ದು 766 ವಿಮಾನ. ಸರತಿಯಲ್ಲಿ ಇರುವವು ಸಾವಿರಾರು. ಇವತ್ತು ಹೆಸರು ಬರೆಸದಿದ್ದರೆ ಹತ್ತು ವರ್ಷವಾದರೂ ನಮ್ಮ ಪಾಳಿ ಬರುವುದಿಲ್ಲ.

ನಾನು ಬೆಂಗಳೂರಿನಲ್ಲಿ ಒಂದು ಏರ್‌ಲೈನ್‌ನ ಟೆಕ್ನಿಕಲ್ ಸರ್ವಿಸಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲು ಎಎಂಇ ಆಗಿದ್ದೆ. ಅಂದರೆ ವಿಮಾನ ರಿಪೇರಿ ಮಾಡಿ, ಹಾರಬಹುದು ಎಂದು ಲಾಗ್‌ಬುಕ್‌ನಲ್ಲಿ ಸಹಿ ಹಾಕುವ ಎಂಜಿನಿಯರ್. ಆಮೇಲೆ ಹೊಸ ವಿಮಾನ ತರಿಸುವ ತಂಡಕ್ಕೆ ಸೇರಿದೆ. ಆರ್ಡರ್‌ಗೆ ಸಹಿ ಬಿದ್ದ ದಿನದಿಂದ ಒಂದು ವಿಮಾನ ಇಲ್ಲಿ ಬಂದು ನಿಲ್ಲುವ ತನಕ ಏನೇನಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ವಿಮಾನಪುರದಲ್ಲಿ. ಅಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಏರ್‌ಬಸ್ ಎ320 ವಿಮಾನದ ಮುಂದಿನ ಬಾಗಿಲು ತಯಾರಾಗುತ್ತಿತ್ತು. ಅಪ್ಪ ಎಷ್ಟೋ ವರ್ಷ ಆ ಶಾಪ್‌ನಲ್ಲೇ ಇದ್ದರು. 2008ರ ಮೇ 24ಕ್ಕೆ ದೇವನಹಳ್ಳಿ ಏರ್‌ಪೋರ್ಟ್ ಶುರುವಾಗುವ ತನಕ ನಮ್ಮ ಮನೆ ಮೇಲೆ ವಿಮಾನ ಹೋಗುವಾಗ ಪಾತ್ರೆ ಅದುರುತ್ತಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅಪ್ಪ ಮಾತ್ರ ತಲೆ ಎತ್ತಿ ನೋಡಿ, "ಇದು ಎ320" ಅಂತಲೋ "ಇದು ಬೋಯಿಂಗ್" ಅಂತಲೋ ಹೇಳಿಯೇ ಮುಂದಿನ ತುತ್ತು ತಿನ್ನುತ್ತಿದ್ದರು.

ನಮ್ಮ ಕಂಪನಿ ಎ321ನಿಯೋ ವಿಮಾನಗಳಿಗೆ ಸಹಿ ಹಾಕಿದ್ದು 2018ರಲ್ಲಿ. ನನ್ನ ಮಗ ಆಗ ಯುಕೆಜಿ. ನಮ್ಮ ಹಳೆಯ ಎ320ಗಳಲ್ಲಿ 180 ಸೀಟು. ಹೊಸದು ಅದಕ್ಕಿಂತ ಉದ್ದ, 220 ಸೀಟು ಹಿಡಿಸುತ್ತದೆ. ಎಂಜಿನ್ ಹೊಸ ತಲೆಮಾರಿನದು. ರೆಕ್ಕೆಯ ತುದಿ ಮೇಲಕ್ಕೆ ಬಾಗಿರುತ್ತದೆ. ಎರಡೂ ಸೇರಿ ಇಂಧನ ಸುಮಾರು ಶೇ 15ರಷ್ಟು ಉಳಿಯುತ್ತದೆ. ಏರ್‌ಲೈನ್‌ನ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಇಂಧನದ್ದೇ. ಹಾಗಾಗಿ ಹಳೆಯ ವಿಮಾನ ಚೆನ್ನಾಗಿ ಹಾರುತ್ತಿದ್ದರೂ ಬದಲಾಯಿಸುವ ಲೆಕ್ಕ ಹಾಕಲೇಬೇಕಾಗುತ್ತದೆ.

ಬೆಲೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. 2018ರ ಏರ್‌ಬಸ್ ಪಟ್ಟಿಯಲ್ಲಿ ಎ321ನಿಯೋಗೆ 12.95 ಕೋಟಿ ಡಾಲರ್ ಅಂತ ಇತ್ತು. ಆ ಬೆಲೆಯನ್ನು ಯಾರೂ ಕೊಡುವುದಿಲ್ಲ. ತುಂಬಾ ವಿಮಾನ ಕೊಳ್ಳುವವರಿಗೆ ತುಂಬಾ ರಿಯಾಯಿತಿ. ಆಮೇಲೆ ಏರ್‌ಬಸ್ ಪಟ್ಟಿ ಹೊರಡಿಸುವುದನ್ನೇ ನಿಲ್ಲಿಸಿತು. ಮುಂಗಡವನ್ನು ಕಂತುಕಂತಾಗಿ ಕಟ್ಟಬೇಕು. ವಿಮಾನ ಕೈಗೆ ಬರುವ ದಿನ ಅದನ್ನು ಲೀಸಿಂಗ್ ಕಂಪನಿಗೆ ಮಾರಿ, ಅವರಿಂದಲೇ ಬಾಡಿಗೆಗೆ ತೆಗೆದುಕೊಳ್ಳುವುದು ನಮ್ಮ ದೇಶದಲ್ಲಿ ಜಾಸ್ತಿ. ಮನೆ ಕಟ್ಟಿಸಿ, ಗೃಹಪ್ರವೇಶದ ದಿನವೇ ಮಾರಿ, ಅದೇ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ. ಕೈಯಲ್ಲಿ ದುಡ್ಡು ಉಳಿಯುತ್ತದೆ, ಆದರೆ ಮನೆ ನಮ್ಮದಲ್ಲ. ಎಂಜಿನ್‌ಗೆ ಬೇರೆಯೇ ಕಂಪನಿ, ಬೇರೆಯೇ ಒಪ್ಪಂದ. ಇದೆಲ್ಲ ನನ್ನ ಮೇಲಿನವರು ನೋಡಿಕೊಳ್ಳುವ ಕೆಲಸ.

ನನ್ನ ಪಾಲಿಗೆ ಬಂದದ್ದು ಸೀಟು.

ವಿಮಾನದ ಸೀಟನ್ನು ಎಷ್ಟೋ ಸಲ ಏರ್‌ಲೈನೇ ಬೇರೆ ಕಂಪನಿಯಿಂದ ಕೊಂಡು, ವಿಮಾನ ತಯಾರಾಗುವ ಜಾಗಕ್ಕೆ ಕಳಿಸಿಕೊಡಬೇಕು. ಸುಮ್ನೆ ಬಟ್ಟೆಯ ಬಣ್ಣ ಆರಿಸಿದರೆ ಮುಗಿಯಲಿಲ್ಲ. ಸೀಟು 16ಜಿ ಹೊಡೆತ ತಡೆಯಬೇಕು. ಅಂದರೆ ಕೂತವರ ತೂಕದ ಹದಿನಾರು ಪಟ್ಟು ಒತ್ತಡ ಬಿದ್ದರೂ ಕಿತ್ತು ಬರಬಾರದು. ಬೆಂಕಿಗೆ ಬೇಗ ಹತ್ತಿಕೊಳ್ಳಬಾರದು. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರುವಂತಿರಬೇಕು. ಇಷ್ಟೆಲ್ಲ ಇದ್ದೂ ಹಗುರ ಇರಬೇಕು.

ತೂಕದ ಲೆಕ್ಕ ಒಂದನ್ನು ಹೇಳುತ್ತೇನೆ. ಒಂದು ಸೀಟಿಗೆ ಅರ್ಧ ಕೆಜಿ ಜಾಸ್ತಿಯಾಯಿತು ಅಂದುಕೊಳ್ಳಿ. 220 ಸೀಟಿಗೆ 110 ಕೆಜಿ. ವಿಮಾನ ಹೊತ್ತ ಹೆಚ್ಚಿನ ತೂಕಕ್ಕೆ ಗಂಟೆಗೆ ಅದರ ಶೇ 3ರಷ್ಟು ಇಂಧನ ಹೆಚ್ಚು ಸುಡುತ್ತದೆ ಎಂಬುದು ನಮ್ಮಲ್ಲಿ ಬಳಸುವ ಅಂದಾಜು. ಗಂಟೆಗೆ ಮೂರು ಕೆಜಿ ಚಿಲ್ಲರೆ. ದಿನಕ್ಕೆ ಹನ್ನೆರಡು ಗಂಟೆ ಹಾರಿದರೆ 40 ಕೆಜಿ. ವರ್ಷಕ್ಕೆ 14 ಟನ್ ದಾಟುತ್ತದೆ. ಒಂದೇ ವಿಮಾನಕ್ಕೆ! ಹಾಗಾಗಿ ಸೀಟಿನ ಮೀಟಿಂಗ್‌ನಲ್ಲಿ ಪ್ರತಿ ಗ್ರಾಮಿಗೂ ಜಗಳ ನಡೆಯುತ್ತದೆ.

ಸೀಟು ಕಂಪನಿಯವರು ಮೂರು ಸಾಲಿನ ಮಾದರಿ ಕಳಿಸಿದ್ದರು. ಹ್ಯಾಂಗರ್ ಪಕ್ಕದ ಶೆಡ್‌ನಲ್ಲಿ ಇಟ್ಟಿದ್ದೆವು. ದೊಡ್ಡವರೆಲ್ಲ ಬಂದು ಕೂತು, ಎದ್ದು, ಮೊಣಕಾಲಿಗೆ ಜಾಗ ಇದೆ ಎಂದು ಹೇಳಿ ಹೋದರು. ನಾನು ಕ್ಲೀನಿಂಗ್ ಸೂಪರ್‌ವೈಸರ್ ಒಬ್ಬರನ್ನೂ ಕರೆಸಿದೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದರು. ಅವರು ಕೂರಲೇ ಇಲ್ಲ. ಮಂಡಿಯೂರಿ, ಕುಶನ್‌ಗೂ ಪಕ್ಕದ ಫ್ರೇಮಿಗೂ ನಡುವಿನ ಸಂದಿಗೆ ಕೈ ಹಾಕಿದರು. ಬಳೆ ಸಿಕ್ಕಿಹಾಕಿಕೊಂಡಿತು. ಮೆಲ್ಲಗೆ ಬಿಡಿಸಿಕೊಂಡು ಹೇಳಿದರು: "ಮೇಡಂ, ಇದರೊಳಗೆ ಕೈ ಹೋಗುತ್ತೆ, ಬರಲ್ಲ. ಕಡ್ಲೆಬೀಜ, ಚಕ್ಲಿ ಚೂರು ಎಲ್ಲ ಇಲ್ಲೇ ಸೇರೋದು. ಸೀಟಿಗೆ ಹತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತೆ."

220 ಸೀಟಿಗೆ ಹತ್ತತ್ತು ಸೆಕೆಂಡ್ ಅಂದರೆ 36 ನಿಮಿಷ. ನಾಲ್ಕು ಜನ ಹಂಚಿಕೊಂಡರೂ ಒಂಬತ್ತು ನಿಮಿಷ. ವಿಮಾನ ಬಂದು ಮತ್ತೆ ಹೊರಡಲು ಸಿಗುವುದೇ ಅರ್ಧ ಗಂಟೆ. ನಾನು ಇದನ್ನು ಬರೆದು ಕಳಿಸಿದೆ. ಮೊದಲು ಆಗಲ್ಲ ಅಂದರು. ಎರಡು ತಿಂಗಳು ಹಿಡಿದು ಕೂತೆ. ಕೊನೆಗೆ ಆ ಸಂದಿಗೆ ಒಂದು ತೆಳು ಪಟ್ಟಿ ಬಂತು, ಸೀಟಿಗೆ 40 ಗ್ರಾಂ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟ 40 ಗ್ರಾಂ ಅದು. ಲೆಕ್ಕ ಹಾಕುವವರ ಪಟ್ಟಿಯಲ್ಲಿ ಆ ಹೆಂಗಸಿನ ಕೈ ಎಲ್ಲೂ ಇರಲಿಲ್ಲ, ಅಲ್ವಾ?

ಆಮೇಲೆ ಕೋವಿಡ್ ಬಂತು. ಎಲ್ಲ ನಿಂತಿತು. ಮತ್ತೆ ಶುರುವಾದಾಗ ಸೀಟು ಕಂಪನಿಗೆ ಬಿಡಿಭಾಗ ಸಿಗುತ್ತಿಲ್ಲ, ಕೆಲಸಗಾರರು ಸಾಲುತ್ತಿಲ್ಲ. ನಮ್ಮ ವಿಮಾನ 2024ರ ಫೆಬ್ರವರಿಗೆ ಬರಬೇಕಿತ್ತು. ಸೀಟು ಬರದೆ ಮೇ ಆಯಿತು, ಆಗಸ್ಟ್ ಆಯಿತು, ಕೊನೆಗೆ ನವೆಂಬರ್‌ಗೆ ನಿಂತಿತು. ಅಷ್ಟರಲ್ಲಿ ಬಾಡಿಗೆ ಮುಗಿದಿದ್ದ ಹಳೆಯ ವಿಮಾನವನ್ನು ವಾಪಸ್ ಕೊಡುವಂತಿಲ್ಲ, ಅವಧಿ ಮುಂದುವರಿಸಬೇಕು, ಅವರು ಹೇಳಿದಷ್ಟು ಬಾಡಿಗೆ ಕೊಡಬೇಕು. ಆ ವರ್ಷಗಳಲ್ಲಿ ಎಂಜಿನ್ ತೊಂದರೆಯಿಂದ ಪ್ರಪಂಚದಾದ್ಯಂತ ನೂರಾರು ವಿಮಾನಗಳು ನೆಲದ ಮೇಲೇ ಉಳಿದಿದ್ದವು. ಹಾರುವ ಸ್ಥಿತಿಯಲ್ಲಿದ್ದ ಹಳೆಯ ವಿಮಾನಕ್ಕೆ ಎಲ್ಲಿಲ್ಲದ ಬೇಡಿಕೆ. ಟಿಕೆಟ್ ದುಬಾರಿ ಆಯಿತು ಎಂದು ಜನ ಬೈಯುವಾಗ ನನಗೆ ಈ ಬಾರದ ಸೀಟುಗಳೇ ನೆನಪಾಗುತ್ತಿದ್ದವು.

ನವೆಂಬರ್‌ನಲ್ಲಿ ನಾವು ನಾಲ್ವರು ಹ್ಯಾಂಬರ್ಗ್‌ಗೆ ಹೋದೆವು. ಏರ್‌ಬಸ್‌ನ ಜಾಗ ಇರುವುದು ಫಿಂಕನ್‌ವೆರ್ಡರ್‌ನಲ್ಲಿ, ಎಲ್ಬೆ ನದಿಯ ದಡಕ್ಕೆ ಅಂಟಿಕೊಂಡು. ರನ್‌ವೇ ಪಕ್ಕದಲ್ಲೇ ದೊಡ್ಡ ದೊಡ್ಡ ಕಂಟೈನರ್ ಹಡಗುಗಳು ಹೋಗುತ್ತವೆ. ಇನ್ನೊಂದು ಕಡೆ ಸೇಬಿನ ತೋಟಗಳು. ಮಂಜು, ತುಂತುರು ಮಳೆ. ನಾಲ್ಕು ಗಂಟೆಗೆಲ್ಲ ಕತ್ತಲು.

ಹೊಸ ವಿಮಾನ ಒಪ್ಪಿಕೊಳ್ಳುವುದಕ್ಕೆ ನಾಲ್ಕೈದು ದಿನ ಬೇಕು. ಮೊದಲ ದಿನ ನೆಲದ ಮೇಲೆ. ಹೊರಗೆ ಒಬ್ಬರು, ಕಾಕ್‌ಪಿಟ್‌ನಲ್ಲಿ ಒಬ್ಬರು, ಕಾಗದಪತ್ರಕ್ಕೆ ಒಬ್ಬರು. ನಾನು ಕ್ಯಾಬಿನ್. ಕೈಯಲ್ಲಿ ಟಾರ್ಚು, ಸಣ್ಣ ಕನ್ನಡಿ, ಒಂದು ರೋಲ್ ಬಣ್ಣದ ಟೇಪು. ತಪ್ಪು ಕಂಡ ಕಡೆ ಟೇಪು ಅಂಟಿಸಿ, ಸ್ನ್ಯಾಗ್ ಲಿಸ್ಟ್‌ಗೆ ಬರೆಯಬೇಕು. 220 ಸೀಟಿನ ಟ್ರೇ ತೆಗೆದು ಮುಚ್ಚಿದೆ. ಬೆಲ್ಟ್ ಹಾಕಿ ಬಿಚ್ಚಿದೆ. ಪ್ರತಿ ಸೀಟಿನ ಕೆಳಗೆ ಕೈ ಹಾಕಿ ಲೈಫ್ ಜಾಕೆಟ್ ಚೀಲ ಎಳೆದು ನೋಡಿದೆ. 14ಸಿಯಲ್ಲಿ ಚೀಲದ ಪಟ್ಟಿ ಸೀಟಿನ ಕಾಲಿಗೆ ಸಿಕ್ಕಿ ಬರಲೇ ಇಲ್ಲ. 27ನೇ ಸಾಲಿನಲ್ಲಿ ಒಂದು ಟ್ರೇ ಚಿಲಕ ಸಡಿಲ. ಮೂರು ಕಡೆ ಹೊಲಿಗೆ ಬಿಟ್ಟಿತ್ತು. ಸೀಟು ಕಂಪನಿಯ ಹುಡುಗ ಪಕ್ಕದಲ್ಲೇ ನಿಂತು ಒಂದೊಂದನ್ನೂ ಬರೆದುಕೊಂಡ. 180ನೇ ಸೀಟಿನ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು, ಆದರೂ ಉಳಿದ 40 ಬಿಡಲು ಮನಸ್ಸಾಗಲಿಲ್ಲ. ಅದೇ 40ರಲ್ಲಿ ಒಂದರ ಕೆಳಗಿನ ಚೀಲ ಬೇಕಾದ ದಿನ ಬರದೆ ಹೋದರೆ?

ಆ ತೆಳು ಪಟ್ಟಿ ಎಲ್ಲ ಸೀಟಿನಲ್ಲೂ ಇತ್ತು. ಬಳೆ ಹಾಕಿದ ಕೈಯನ್ನೇ ಸಂದಿಗೆ ಹಾಕಿ ತೆಗೆದು ನೋಡಿದೆ. ಸಲೀಸಾಗಿ ಬಂತು.

ಎರಡನೇ ದಿನ ಹಾರಾಟ. ಏರ್‌ಬಸ್‌ನ ಪೈಲಟ್ ಜೊತೆ ನಮ್ಮ ಕ್ಯಾಪ್ಟನ್. ಪ್ರಯಾಣಿಕರಿರುವಾಗ ಎಂದೂ ಮಾಡದ ಕೆಲಸಗಳನ್ನೆಲ್ಲ ಅವತ್ತು ಮಾಡಿಸುತ್ತಾರೆ. ವೇಗ ಬೇಕೆಂದೇ ಕಡಿಮೆ ಮಾಡುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ಯಾರೂ ಮುಟ್ಟದಿದ್ದರೂ ಎಂಜಿನ್‌ಗಳು ತಾವೇ ಜೋರಾಗಿ, ವಿಮಾನ ಬೀಳದಂತೆ ಹಿಡಿದುಕೊಳ್ಳುತ್ತವೆ. ಆ ಗಳಿಗೆಯಲ್ಲಿ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಎಷ್ಟು ಓದಿದ್ದರೂ ಮೈಗೆ ತಿಳಿಯುವುದು ಅಲ್ಲೇ. ಚಕ್ರಗಳನ್ನು ಹೈಡ್ರಾಲಿಕ್ ಇಲ್ಲದೆ, ಅವುಗಳ ಭಾರದಿಂದಲೇ ಇಳಿಸಿ ನೋಡುತ್ತಾರೆ.

ನನಗೆ ಹಿಂದಿನ ರಾತ್ರಿಯೇ ಅಪ್ಪನ ಫೋನ್ ಬಂದಿತ್ತು. ಊಟ ಆಯ್ತಾ, ಚಳಿ ಇದೆಯಾ ಅಂತ ಕೇಳಿದ ಮೇಲೆ ಹೇಳಿದ್ದು ಒಂದೇ: "ಮೇಲೆ ಹೋದಾಗ ಬಾಗಿಲ ಹತ್ರ ನಿಂತು ಕಿವಿಗೊಡು ಪುಟ್ಟಿ. ಶಿಳ್ಳೆ ಹೊಡೀತಾ ನೋಡು." ಬಾಗಿಲಿನ ಸೀಲ್ ಸರಿಯಾಗಿ ಕೂರದಿದ್ದರೆ ಒಳಗಿನ ಒತ್ತಡದ ಗಾಳಿ ಸಣ್ಣ ಸಂದಿಯಿಂದ ನುಗ್ಗಿ ಶಿಳ್ಳೆ ಹಾಕುತ್ತದೆ. ನಾನು ಪ್ರತಿ ಬಾಗಿಲಿನ ಹತ್ತಿರವೂ ನಿಂತೆ. ಮುಂದಿನ ಬಾಗಿಲ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು. ಅದರ ಚೌಕಟ್ಟಿನ ಮೇಲಿದ್ದ ತಗಡಿನ ಚೀಟಿಯಲ್ಲಿ ಬೇರೆ ಯಾರದೋ ಹೆಸರು. ಶಿಳ್ಳೆ ಇರಲಿಲ್ಲ. ಇಳಿದ ಕೂಡಲೇ ಅಪ್ಪನಿಗೆ ಮೆಸೇಜ್ ಹಾಕಿದೆ.

ನಾಲ್ಕನೇ ದಿನ ಹಸ್ತಾಂತರ. ಇದು ಫೋನಿನಲ್ಲಿ ನಡೆಯುವ ಕೆಲಸ. ಹ್ಯಾಂಬರ್ಗ್‌ನಲ್ಲಿ ನಾವು, ಡಬ್ಲಿನ್‌ನಲ್ಲಿ ಲೀಸಿಂಗ್ ಕಂಪನಿಯವರು, ಇನ್ನೆಲ್ಲೋ ಬ್ಯಾಂಕಿನವರು, ವಕೀಲರು. ದುಡ್ಡು ಬಂತು ಎಂದು ಒಬ್ಬರು ಹೇಳಬೇಕು, ಆಮೇಲೆ ಬಿಲ್ ಆಫ್ ಸೇಲ್‌ಗೆ ಸಹಿ, ಆಮೇಲೆ ದಿಲ್ಲಿಯಲ್ಲಿ ಡಿಜಿಸಿಎ, ಅಂದರೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಕಚೇರಿ, ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕೊಡಬೇಕು. ಚಳಿಗಾಲದಲ್ಲಿ ಜರ್ಮನಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಹ್ಯಾಂಬರ್ಗ್‌ನಲ್ಲಿ ಬೆಳಿಗ್ಗೆ ಹತ್ತು ಅಂದರೆ ದಿಲ್ಲಿಯಲ್ಲಿ ಮಧ್ಯಾಹ್ನ ಎರಡೂವರೆ. ಡಬ್ಲಿನ್‌ನವರು ಆಗಷ್ಟೇ ಆಫೀಸಿಗೆ ಬಂದಿರುತ್ತಾರೆ. ಎರಡು ಮೂರು ಗಂಟೆ ತಡವಾದರೆ ದಿಲ್ಲಿಯ ಕಚೇರಿ ಮುಚ್ಚುತ್ತದೆ, ಎಲ್ಲ ನಾಳೆಗೆ ಹೋಗುತ್ತದೆ. ಅವತ್ತು ದಿಲ್ಲಿಯ ಮೇಲ್ ಬಂದಾಗ ಅಲ್ಲಿ ಸಂಜೆ ಐದು ಗಂಟೆ. ನಮ್ಮ ರೆಕಾರ್ಡ್ಸ್‌ನವರು ಕುರ್ಚಿಯಿಂದ ಎದ್ದು ನಿಂತೇ ಓದಿದರು.

ಅಲ್ಲಿಯ ತನಕ ವಿಮಾನದ ಹಿಂಭಾಗದಲ್ಲಿ ಜರ್ಮನಿಯ ತಾತ್ಕಾಲಿಕ ನಂಬರ್ ಇತ್ತು. ಅದು ಬರೀ ಸ್ಟಿಕ್ಕರ್. ಏಣಿ ಹಾಕಿಕೊಂಡು ಒಬ್ಬ ಹತ್ತಿ, ಉಗುರಿನಿಂದ ಒಂದು ಮೂಲೆ ಎಬ್ಬಿಸಿ, ನಿಧಾನವಾಗಿ ಎಳೆದ. ಕೆಳಗೆ ಬಣ್ಣದಲ್ಲಿ ಮೊದಲೇ ಬರೆದಿದ್ದ ವಿ, ಆಮೇಲೆ ಟಿ ಕಾಣಿಸಿತು. ನಮ್ಮ ದೇಶದ ವಿಮಾನಗಳ ನಂಬರ್ ಶುರುವಾಗುವುದೇ ಆ ಎರಡು ಅಕ್ಷರದಿಂದ. ಮಳೆ ಹನಿಯುತ್ತಿತ್ತು. ನಾವು ನಾಲ್ವರೂ ಕೊಡೆ ಇಲ್ಲದೆ ನಿಂತು ನೋಡಿದೆವು. ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ಸಂಕೋಚ ಇಲ್ಲ.

ಖಾಲಿ ವಿಮಾನದಲ್ಲಿ, ಮಸ್ಕತ್‌ನಲ್ಲಿ ಇಂಧನ ತುಂಬಿಸಿಕೊಂಡು ಬೆಂಗಳೂರಿಗೆ ಬಂದೆವು. ಅಷ್ಟು ಸೀಟು, ಆರೇ ಜನ. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಬೆಳಗಿನ ಜಾವ ನಂದಿಬೆಟ್ಟದ ಪಕ್ಕದಿಂದ ಇಳಿಯುವಾಗ ಕ್ಯಾಪ್ಟನ್ ನನ್ನನ್ನು ಮುಂದೆ ಕರೆದು ಕೂರಿಸಿಕೊಂಡರು. ಕೆಳಗೆ ಫೈರ್ ಸರ್ವಿಸ್‌ನವರ ಎರಡು ವಾಹನಗಳು ಆ ಕಡೆ ಈ ಕಡೆ ನಿಂತು ನೀರಿನ ಕಮಾನು ಕಟ್ಟಿದವು.

ಪೂಜೆ ಆಗಲೇಬೇಕು. ಏರ್‌ಪೋರ್ಟ್ ಒಳಗೆ ಬರಲು ಪಾಸ್ ಬೇಕಲ್ಲ, ಹಾಗಾಗಿ ನಮ್ಮ ಸ್ಟೋರ್ಸ್‌ನ ಹಿರಿಯರೊಬ್ಬರೇ ಪೂಜೆ ಮಾಡುತ್ತಾರೆ, ಅವರಿಗೆ ಮಂತ್ರ ಬರುತ್ತದೆ. ಬೂದುಗುಂಬಳಕಾಯಿ ಒಡೆಯುವಂತಿಲ್ಲ. ನೆಲದ ಮೇಲೆ ಒಂದು ಚೂರು ಉಳಿದರೂ ಎಂಜಿನ್ ಎಳೆದುಕೊಳ್ಳುತ್ತದೆ. ತೆಂಗಿನಕಾಯಿಯನ್ನು ಚೀಲದೊಳಗೆ ಇಟ್ಟು, ಸ್ಟೀಲ್ ಬಕೆಟ್‌ನಲ್ಲಿ ಒಡೆದರು. ಎ321ಗೆ ಆರು ಚಕ್ರ, ಆರು ನಿಂಬೆಹಣ್ಣು. ಟಗ್ ಎಂಬ ಎಳೆಯುವ ಗಾಡಿ ವಿಮಾನವನ್ನು ಒಂದು ಅಡಿ ಎಳೆಯಿತು. ನಿಂಬೆಹಣ್ಣುಗಳು ಪಚ್ಚೆಂದವು. ಆಮೇಲೆ ಇಬ್ಬರು ಹುಡುಗರು ಬಗ್ಗಿ ಸಿಪ್ಪೆ, ಬೀಜ ಎಲ್ಲ ಆರಿಸಿ, ನೆಲ ಒರೆಸಿ, "ಆರೂ ಸಿಕ್ತು ಸರ್" ಎಂದು ಲೆಕ್ಕ ಕೊಟ್ಟರು. ಆ ಲೆಕ್ಕ ಕೊಟ್ಟದ್ದೂ ಪೂಜೆಯ ಭಾಗ ಎಂದೇ ನನಗೆ ಅನ್ನಿಸಿತು.

ಕಸ್ಟಮ್ಸ್, ಡಿಜಿಸಿಎ ಕಾಗದ, ನಮ್ಮ ಪರವಾನಗಿಗೆ ಈ ವಿಮಾನ ಸೇರಿಸುವುದು, ಇವಕ್ಕೆಲ್ಲ ಇನ್ನಷ್ಟು ದಿನ ಹಿಡಿಯಿತು. ಮೊದಲ ಪ್ರಯಾಣ ಶುರುವಾದಾಗ ಮಗ ಆರನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದ.

ಹೊಸದು ಬಂದ ಮೇಲೆ ಹಳೆಯದನ್ನು ವಾಪಸ್ ಕಳಿಸಬೇಕು. ಯಾರೂ ಫೋಟೋ ತೆಗೆಯದ ಕೆಲಸ ಇದು. ನನ್ನ ಪ್ರಕಾರ ಹೊಸದನ್ನು ತರುವುದಕ್ಕಿಂತ ಕಷ್ಟ. ಹನ್ನೆರಡು ವರ್ಷದಲ್ಲಿ ಬದಲಾಯಿಸಿದ ಪ್ರತಿ ಭಾಗಕ್ಕೂ ಕಾಗದ ತೋರಿಸಬೇಕು. ಎಂಜಿನ್ ಒಳಗಿನ ಕೆಲವು ಭಾಗಗಳಿಗೆ ಇಷ್ಟೇ ಹಾರಾಟ ಎಂಬ ಆಯಸ್ಸು ಇರುತ್ತದೆ. ಅವು ತಯಾರಾದ ದಿನದಿಂದ ಇಲ್ಲಿಯ ತನಕದ ಜಾತಕ ಬೇಕು. ಒಂದು ಹಾಳೆ ಸಿಗದಿದ್ದರೂ ಆ ಭಾಗಕ್ಕೆ ಬೆಲೆ ಇಲ್ಲ. ಎರಡು ತಿಂಗಳು ಪೆಟ್ಟಿಗೆಗಳ ನಡುವೆ ಕೂತಿದ್ದೆವು. 2013ರ ಒಂದು ಟೆಕ್ ಲಾಗ್ ಹಾಳೆಯಲ್ಲಿ ನನ್ನ ಸಹಿ ಸಿಕ್ಕಿತು. ಲೈಸೆನ್ಸ್ ಬಂದ ಮೇಲೆ ಹಾಕಿದ ಮೊದಲನೇದು. ಅಕ್ಷರ ಒಂಚೂರು ನಡುಗಿತ್ತು.

ಆ ವಿಮಾನ ಹೊರಡುವ ಹಿಂದಿನ ದಿನ ಅದರ ಮುಂದಿನ ಬಾಗಿಲ ಹತ್ತಿರ ಹೋದೆ. ಚೌಕಟ್ಟಿನಲ್ಲಿ ಬಣ್ಣ ಮಾಸಿದ ಚೀಟಿ. ಟಾರ್ಚು ಹಿಡಿದರೆ ಎಚ್‌ಎಎಲ್ ಎಂದು ಓದಲು ಬರುತ್ತಿತ್ತು, ಕೆಳಗೆ ಬೆಂಗಳೂರು. ಫೋಟೋ ತೆಗೆದು ಸಂಜೆ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ಪಾರ್ಟ್ ನಂಬರ್ ಮೇಲೆ ಬೆರಳಿಟ್ಟರು. ಗಟ್ಟಿಯಾಗಿ ಓದಿದರು. ಆಮೇಲೆ ರಿವೆಟ್ ಸಾಲು ನೋಡಿದರು.

"ಶಿಳ್ಳೆ?"

"ಪೂರ್ತಿ ರೆಕಾರ್ಡ್ ನೋಡಿದೆ ಅಪ್ಪಾ. ಈ ಬಾಗಿಲ ಮೇಲೆ ಒಂದು ಸಲವೂ ಬರೆದಿಲ್ಲ."

"ಸೀಲ್ ಯಾವಾಗ ಬದಲಾಯಿಸಿದ್ರಿ?"

"ಹೋದ ಸಿ-ಚೆಕ್‌ನಲ್ಲಿ, ದೊಡ್ಡ ತಪಾಸಣೆ ಆದಾಗ."

"ಹಂ" ಅಂದು ಫೋನ್ ವಾಪಸ್ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿ ಇಸ್ಕೊಂಡರು.